ಓಡದ ಗಾಡಿಯ ಬೆಲೆ

ನಮ್ಮ ಕಡೆ ಕೈಯಲ್ಲೊಂದು ಚೀಲ ಹಿಡಿದು ಮನೆಗೆ ಹೊರಟವನನ್ನು ಯಾರೂ ಸುಮ್ಮನೆ ಬಿಡುವುದಿಲ್ಲ. ಚೀಲದಿಂದ ಇಣುಕುತ್ತಿರುವುದು ಕುಂಬಳಕಾಯಿಯಾಗಲಿ, ಕುಕ್ಕರಾಗಲಿ, ಮೊದಲ ಪ್ರಶ್ನೆ 'ಎಷ್ಟಾಯ್ತು?' ಎಂಬುದು. ನೀವು ಯಾವ ಮೊತ್ತ ಹೇಳಿದರೂ ಅದು ಜಾಸ್ತಿಯಾಯಿತೆಂಬುದು ಎರಡನೆಯ ಮಾತು. 'ನನ್ನನ್ನೊಂದು ಮಾತು ಕೇಳಬಾರದಿತ್ತೆ?' ಎಂಬುದು ಮೂರನೆಯದು. ತುಮಕೂರಿನ ಕಾಲೇಜೊಂದರಲ್ಲಿ ಬಹುಕಾಲ ಅರ್ಥಶಾಸ್ತ್ರ ಬೋಧಿಸಿ, ಬೇಡಿಕೆ ಪೂರೈಕೆಗಳೆಂಬ ಎರಡು ರೇಖೆಗಳು ಎಲ್ಲಿ ಸಂಧಿಸುತ್ತವೋ ಅಲ್ಲಿಯೇ ಬೆಲೆಯ ಜನನವೆಂದು ಕರಿಹಲಗೆಯ ಮೇಲೆ ಬರೆದು ಬರೆದು ಅಳಿಸಿರುವ ನಾನು, ಕ್ಯಾತ್ಸಂದ್ರದ ನಮ್ಮ ಬೀದಿಯಲ್ಲಿ ಈ ಮೂರನೆಯ ಮಾತನ್ನಾಡುವ ಅಧಿಕಾರ ಪಡೆದವನು. ಬದನೆಕಾಯಿಯ ವಿಷಯದಲ್ಲಿ ಮಾತ್ರ ನನ್ನ ಮಡದಿ ಈ ಅಧಿಕಾರವನ್ನು ಮಾನ್ಯ ಮಾಡಿಲ್ಲ.

ಇಂತಹ ಬೆಲೆಪಂಡಿತನಿಗೆ ನಿವೃತ್ತಿಯ ನಂತರ ಹಳೆಯ ಮೋಟಾರ್ ಸೈಕಲ್ಲೊಂದರ ಮೋಹ ಹತ್ತಿಕೊಂಡಿತು. ಮೈಸೂರಿನಲ್ಲಿ ತಯಾರಾಗುತ್ತಿದ್ದ, ಎರಡು ಸೈಲೆನ್ಸರುಗಳ, ಒಂದೇ ಸರಳು ಕಿಕ್ಕರೂ ಆಗಿ ಗೇರೂ ಆಗುವ ಆ ಗಾಡಿಯನ್ನು ನನ್ನ ಪ್ರಾಯದವರಿಗೆ ವಿವರಿಸಬೇಕಾಗಿಲ್ಲ. ಅದರ ಸದ್ದು ಬೀದಿಯ ತಿರುವಿನಲ್ಲಿ ಕೇಳಿದೊಡನೆ ಓದುತ್ತಿದ್ದ ಪುಸ್ತಕ ಮುಚ್ಚಿ ಹೊರಗೋಡಿದವರು ನಾವು. ಆದರೆ ಈಗ ಓಡುವ ಸ್ಥಿತಿಯಲ್ಲಿರುವ ಅಂಥ ಗಾಡಿಗಳ ಬೆಲೆ ನನ್ನ ಪಿಂಚಣಿಯನ್ನು ನೋಡಿ ನಗುತ್ತದೆ. ಆದ್ದರಿಂದ ಓಡದ ಗಾಡಿಯೊಂದನ್ನು ಕೊಂಡು ಓಡಿಸುವುದೇ ವಿವೇಕವೆಂದು ತೀರ್ಮಾನಿಸಿದೆ. 'ಓಡದಿದ್ದರೆ ಅದು ಚರಾಸ್ತಿ ಹೇಗಾಗುತ್ತದೆ, ಸ್ಥಿರಾಸ್ತಿ ತಾನೆ? ಹಾಗಿದ್ದರೆ ಒಂದು ಸೈಟನ್ನೇ ನೋಡಬಹುದಿತ್ತು' ಎಂದು ಮಡದಿ ಅಂದಳು. ಒಳ್ಳೆಯ ಹಾಸ್ಯವನ್ನು ವಿರೋಧ ಪಕ್ಷದವರು ಮಾಡಿದರೂ ಮೆಚ್ಚಬೇಕೆಂದು ಮೆಚ್ಚಿ, ನನ್ನ ನಿರ್ಧಾರದಲ್ಲಿಯೇ ನಿಂತೆ.

ಓಡದ ಗಾಡಿಗೆ ಬೆಲೆ ಕಟ್ಟುವುದಕ್ಕೆ ನನ್ನದೇ ಒಂದು ಸೂತ್ರವಿತ್ತು, ಈಗಲೂ ಇದೆ, ಬೇಕಾದವರು ಬಳಸಿಕೊಳ್ಳಬಹುದು. ಗಾಡಿ ಓಡುತ್ತಿದ್ದರೆ ಎಷ್ಟು ಬಾಳುತ್ತಿತ್ತೋ ಅದರಿಂದ, ಓಡಿಸಲು ತಗಲುವ ಖರ್ಚನ್ನು ಕಳೆಯಿರಿ. ಉಳಿದದ್ದರಲ್ಲಿ, ಬಿಚ್ಚಿದ ಮೇಲಷ್ಟೇ ಕಾಣುವ ಗುಪ್ತರೋಗಗಳಿಗಾಗಿ ಮೂರನೆಯ ಒಂದು ಭಾಗ ಕಳೆಯಿರಿ. ಆರ್‌ಸಿ ಪುಸ್ತಕದಲ್ಲಿರುವ ನಂಬರಿಗೂ ಇಂಜಿನ್ನಿನ ಮೇಲಿನ ನಂಬರಿಗೂ ಹೊಂದಿಕೆಯಾಗದಿದ್ದರೆ, ಕೊಟ್ಟ ಕಾಫಿಯನ್ನು ಕುಡಿದು ಎದ್ದು ಬನ್ನಿ.

ಸೂತ್ರ ಸರಿಯಾಗಿಯೇ ಇತ್ತು, ಸರಿಯಿಲ್ಲದ್ದು ನನ್ನ ಮುಖ. ಗುಬ್ಬಿಯಲ್ಲಿ ಅಡಿಕೆ ವ್ಯಾಪಾರಿಯೊಬ್ಬರ ಮಳಿಗೆಯ ಹಿಂಭಾಗದಲ್ಲಿ ಅಂಥದೊಂದು ಗಾಡಿ ಇದೆಯೆಂದು ತಿಳಿದು ಹೋದಾಗ, ಅವರು ಗೋಣಿತಾಟು ಸರಿಸಿದ ಕೂಡಲೇ ನನ್ನ ಬಾಯಿಂದ 'ಆಹಾ!' ಎಂಬ ಉದ್ಗಾರ ಹೊರಟಿತು. ಜೊತೆಗೆ ಬಂದಿದ್ದ ಗೆಳೆಯ ನಯಾಜ್ ತಲೆ ಚಚ್ಚಿಕೊಂಡ. ನಯಾಜನದು ತುಮಕೂರಿನಲ್ಲಿ ಬಟ್ಟೆ ಅಂಗಡಿ. ಚೌಕಾಸಿ ಅವನಿಗೆ ಕುಲವಿದ್ಯೆ. ನಮ್ಮಲ್ಲಿ ಏನನ್ನಾದರೂ ಕೊಳ್ಳಲು ಹೋಗುವವರು ಇಂಥವನೊಬ್ಬನನ್ನು ಜೊತೆಗೆ ಕರೆದೊಯ್ಯುವುದು ವಾಡಿಕೆಯಷ್ಟೆ. ಅವನ ಕೆಲಸ ಎರಡೇ: ಸರಕನ್ನು ಹಳಿಯುವುದು, ಸಮಯ ನೋಡಿ ನಮ್ಮ ತೋಳು ಹಿಡಿದೆಳೆದು 'ಬೇಡ ನಡೀರಿ' ಎನ್ನುವುದು. ಆ ದಿನ ಎಳೆಯುವ ಮೊದಲೇ ಎಲ್ಲವೂ ಮುಗಿದಿತ್ತು.

"ಸಾರ್, ವ್ಯಾಪಾರಕ್ಕೆ ಬಂದಾಗ ಬಾಯಿಗೆ ಬೀಗ ಹಾಕ್ಕೋಬೇಕು. ನೀವು ಆಹಾ ಅಂದಿದ್ದಕ್ಕೇ ಇಪ್ಪತ್ತು ಸಾವಿರ ಜಾಸ್ತಿ ಆಯ್ತು," ಎಂದು ಅವನು ಬರಿಗೈಯಲ್ಲಿ ಮರಳುವ ದಾರಿಯುದ್ದಕ್ಕೂ ಗೊಣಗಿದ.

ಆ ಪಾಠ ಕಲಿತು ಮುಂದಿನ ಸಲ ಕುಣಿಗಲ್ಲಿಗೆ ಹೊರಟಾಗ, ನಾನು ಹಲ್ಲು ಕೀಳಿಸಿಕೊಂಡು ಬಂದವನಂತೆ ಮುಖ ಮಾಡಿಕೊಂಡಿದ್ದೆ. ಕುದುರೆಗಳನ್ನು ಸಾಕಿ, ವಂಶ ಕೇಳಿ, ಓಟ ನೋಡಿ ಬೆಲೆ ಕಟ್ಟುವ ಊರಿಗೆ ಓಡದ ವಾಹನವೊಂದರ ಬೆಲೆ ಕಟ್ಟಲು ಹೋಗುತ್ತಿದ್ದೇನಲ್ಲ ಎಂದು ಒಳಗೊಳಗೇ ನಗು ಬರುತ್ತಿತ್ತು. ದೊಡ್ಡಕೆರೆಯ ಆಚೆಗಿನ ಹಳ್ಳಿಯೊಂದರಲ್ಲಿ ಚಿಕ್ಕಣ್ಣ ಎಂಬ ಹಿರಿಯರ ಮನೆ. ಒಂದು ಕಾಲದಲ್ಲಿ ಅವರು ಅದೇ ಗಾಡಿಯ ಎರಡೂ ಬದಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಊರೂರು ಸುತ್ತಿದವರು. ಸೊಂಟದ ಮೂಳೆ ಮುರಿದ ಮೇಲೆ ಗಾಡಿ ಕೊಟ್ಟಿಗೆಯ ಮೂಲೆ ಸೇರಿತ್ತು. ಮೈಮೇಲೆ ರಾಗಿ ಹುಲ್ಲು, ಟ್ಯಾಂಕಿನೊಳಗೆ ತುಕ್ಕು. ಇಂಜಿನ್ ಎಷ್ಟು ಜಾಮ್ ಆಗಿತ್ತೆಂದರೆ ಕಿಕ್ಕರಿನ ಮೇಲೆ ನಾನು ನಿಂತರೂ ಅದು ಕದಲಲಿಲ್ಲ. ಆದರೆ ಒಂದು ಭಾಗವೂ ಕಳೆದಿರಲಿಲ್ಲ, ನಂಬರುಗಳು ಅಚ್ಚುಕಟ್ಟಾಗಿ ತಾಳೆಯಾದವು. ಸೂತ್ರದ ಪ್ರಕಾರ ನಲವತ್ತು ಸಾವಿರ ಎಂದು ಮನಸ್ಸಿನಲ್ಲೇ ಬರೆದು ಕೆಳಗೆ ಎರಡು ಗೆರೆ ಎಳೆದೆ.

ಚಿಕ್ಕಣ್ಣನವರು ಒಂದೂಕಾಲು ಲಕ್ಷ ಎಂದರು.

"ಯಜಮಾನ್ರೇ, ಇದು ಓಡಲ್ವಲ್ಲ!" ಎಂದ ನಯಾಜ್.

"ಓಡ್ತಿತ್ತಲ್ಲಪ್ಪಾ," ಎಂದರು ಅವರು, ಅದಕ್ಕಿಂತ ಹೆಚ್ಚಿನ ಸಮರ್ಥನೆ ಬೇಕೇ ಎಂಬ ಧಾಟಿಯಲ್ಲಿ.

ನಯಾಜ್ ತುಕ್ಕು ತೋರಿಸಿದ, ಒಡೆದ ಸೀಟು ತೋರಿಸಿದ, ನನ್ನ ತೋಳನ್ನು ಮೂರು ಬಾರಿ ಎಳೆದ. ನಾನು ನನ್ನ ನಲವತ್ತು ಸಾವಿರವನ್ನು ಬಾಯಿಬಿಟ್ಟು ಹೇಳಿದೆ. ಚಿಕ್ಕಣ್ಣ ಒಂದು ರೂಪಾಯಿ ಇಳಿಯಲಿಲ್ಲ. ನಾವು ಹೊರಟಾಗ ಅವರ ಮಡದಿ ಗೌರಮ್ಮ ಗೇಟಿನವರೆಗೂ ಬಂದು ಗುಟ್ಟು ಬಿಚ್ಚಿದರು. "ಮಾರೋ ಮನ್ಸಿದ್ರೆ ತಾನೆ ಮೇಷ್ಟ್ರೇ? ಮೊದ್ಲು ಮೂವತ್ತು ಅಂದ್ರು, ಒಬ್ಬ ಒಪ್ಕಂಡ. ತಕ್ಷಣ ಅರವತ್ತು ಅಂದ್ರು. ಅದಕ್ಕೂ ಒಬ್ಬ ಹುಂ ಅಂದ ನೋಡಿ, ಒಂದೂಕಾಲು ಲಕ್ಷ ಆಗೋಯ್ತು. ನಂಗೆ ಆ ಮೂಲೆ ಬೇಕು. ಹಸ ಮಳೆಗಾಲದಾಗೆ ಕರು ಹಾಕ್ತದೆ, ಕೊಟ್ಟಿಗೇಲಿ ಸೋರದೆ ಇರೋ ಜಾಗ ಅದೊಂದೇ."

ವಾಪಸು ಬರುವಾಗ ನಯಾಜ್ ಆಸಾಮಿಯನ್ನು ಬಯ್ಯುತ್ತಿದ್ದ. ನಾನು ನನ್ನ ಎರಡು ರೇಖೆಗಳನ್ನು ನೆನೆಯುತ್ತಿದ್ದೆ. ಮಾರುವುದಕ್ಕಾಗಿ ಬೆಲೆ ಹೇಳುವವರನ್ನು ನಾನು ಪಠ್ಯದಲ್ಲಿ ಕಂಡಿದ್ದೆ, ಸಂತೆಯಲ್ಲಿ ಕಂಡಿದ್ದೆ. ಮಾರದಿರುವುದಕ್ಕಾಗಿ ಬೆಲೆ ಹೇಳುವವರೂ ಇರುತ್ತಾರೆಂದು ಯೋಚಿಸಿರಲಿಲ್ಲ. 'ಕೊಡುವುದಿಲ್ಲ' ಎಂದರೆ ಹೆಂಡತಿಯ ಜೊತೆ ಜಗಳವಾಗುತ್ತದೆ. 'ಒಂದೂಕಾಲು ಲಕ್ಷ' ಎಂದರೆ ಗಿರಾಕಿ ತಾನಾಗಿಯೇ ಹೋಗುತ್ತಾನೆ. ಹಾಗೆ ನೋಡಿದರೆ ಆ ಮೊತ್ತ ಚಿಕ್ಕಣ್ಣನವರ ಪಾಲಿಗೆ ಬೇಲಿ. ನನಗೆ ಅವರ ಮೇಲೆ ಸಿಟ್ಟು ಬರುವ ಬದಲು, ಹೇಳುವುದಕ್ಕೆ ಸಂಕೋಚವೇನು, ಬಹಳ ಇಷ್ಟವಾಯಿತು.

ಮಳೆಗಾಲದ ಮೊದಲ ಮೋಡಗಳು ದೇವರಾಯನದುರ್ಗದ ಮೇಲೆ ಕಾಣಿಸಿಕೊಂಡ ವಾರ ಗೌರಮ್ಮನವರ ಫೋನು ಬಂತು. "ಬನ್ನಿ ಮೇಷ್ಟ್ರೇ, ಒಪ್ಪವ್ರೆ." ಹೋದೆವು. ಗಬ್ಬದ ಹಸು ಕೊಟ್ಟಿಗೆಯ ಬಾಗಿಲಲ್ಲಿ ಭಾರವಾಗಿ ನಿಂತಿತ್ತು. ಅದರ ಬೆನ್ನ ಮೇಲೆ ಕೈಯಿಟ್ಟುಕೊಂಡೇ ಚಿಕ್ಕಣ್ಣ ಮಾತನಾಡಿದರು. "ನಿಮ್ ಬೆಲೆಗೇ ತಗೊಂಡೋಗಿ. ಬೀಗದ ಕೈ ಮಾತ್ರ ಕೊಡಾಕಿಲ್ಲ."

ನನ್ನೊಳಗಿನ ಅರ್ಥಶಾಸ್ತ್ರಜ್ಞ ಮನಸ್ಸಿನಲ್ಲೇ ಕುಣಿದಾಡಿದ. ಆ ಗಾಡಿಯ ಕೀ ಯಾವ ಬಿಡಿಭಾಗದ ಅಂಗಡಿಯಲ್ಲಾದರೂ ಕಾಫಿ ತಿಂಡಿಯ ಖರ್ಚಿಗೆ ಸಿಗುತ್ತದೆ. ಆದರೂ ಕುತೂಹಲಕ್ಕೆ ಯಾಕೆಂದು ಕೇಳಿದೆ.

"ಹಸ ಮಾರುದ್ರೆ ಹಗ್ಗ ಕೊಡ್ತಾರಾ ಮೇಷ್ಟ್ರೇ?" ಎಂದು ಅವರು ಗೋಡೆಯ ಗೂಟ ತೋರಿಸಿದರು. ಆ ಮನೆಯಿಂದ ಮಾರಿಹೋದ ದನಗಳ ಹಗ್ಗಗಳೆಲ್ಲ ಅಲ್ಲಿ ನೇತಾಡುತ್ತಿದ್ದವು. ರಾಸನ್ನು ಕೊಟ್ಟರೂ ಹಗ್ಗವನ್ನು ಉಳಿಸಿಕೊಳ್ಳಬೇಕು, ಹಗ್ಗವೂ ಹೋದರೆ ಕೊಟ್ಟಿಗೆಯ ಸಿರಿ ಅದರ ಹಿಂದೆಯೇ ಹೋಗುತ್ತದೆಂದು ನಮ್ಮ ಸೀಮೆಯ ರೈತರು ನಂಬುತ್ತಾರೆಂಬುದು ನನಗೂ ಗೊತ್ತಿತ್ತು. ಆ ನಂಬಿಕೆಯನ್ನು ಮೋಟಾರ್ ಸೈಕಲ್ಲಿಗೂ ಅನ್ವಯಿಸಬಹುದೆಂದು ಮಾತ್ರ ಗೊತ್ತಿರಲಿಲ್ಲ. ಅವರು ಒಂದೊಂದೇ ಹಗ್ಗ ಮುಟ್ಟಿ ಇದು ಕೆಂದಿಯದು, ಇದು ಅದರ ಮಗಳದು ಎಂದು ಹೇಳುತ್ತಾ ಬಂದು, ಕೊನೆಗೆ ಕೀಯನ್ನು ಅವುಗಳ ನಡುವೆ ತೂಗುಹಾಕಿದರು.

ಚೌಕಾಸಿಯ ಚಟ ಕೆಟ್ಟದ್ದು. "ಕೀ ಇಲ್ಲ ಅಂದ್ರೆ ಇನ್ನೂರು ರೂಪಾಯಿ ಕಮ್ಮಿ ಮಾಡ್ಬೇಕು ಯಜಮಾನ್ರೇ," ಎಂದುಬಿಟ್ಟ ನಯಾಜ್. ಅಂದ ತಕ್ಷಣ ಅವನಿಗೇ ಅನಿಸಿತು, ಆಡಬಾರದಿತ್ತೆಂದು. ಚಿಕ್ಕಣ್ಣ ಅಂಗಿಯ ಜೇಬಿನಿಂದ ಇನ್ನೂರು ರೂಪಾಯಿ ತೆಗೆದು ಅವನತ್ತ ಚಾಚಿದರು. "ತಗೋಪ್ಪಾ, ನ್ಯಾಯ ಐತೆ." ನಯಾಜನ ಮುಖ ಕೆಂಪಾಯಿತು, ಅವನು ಬೇಡವೆನ್ನುತ್ತಾನೆ, ಅವರು ಬಿಡರು. ಕೊನೆಗೆ ಗೌರಮ್ಮ ನಡುವೆ ಬಂದು ಆ ನೋಟನ್ನು ಕಸಿದು ಸೊಂಟಕ್ಕೆ ಸಿಕ್ಕಿಸಿಕೊಂಡು, "ಹಿಂಡಿಗಾಯ್ತು ಬುಡಿ," ಎಂದಮೇಲೆ ಎಲ್ಲರಿಗೂ ನಗು ಬಂತು.

ಗಾಡಿಯನ್ನು ಗೂಡ್ಸ್ ಆಟೋಗೆ ಏರಿಸುವಾಗ ಚಿಕ್ಕಣ್ಣ ನಗುತ್ತಿರಲಿಲ್ಲ. ಹಸುವಿನ ಕುತ್ತಿಗೆ ತುರಿಸುತ್ತಾ ಅತ್ತ ತಿರುಗಿ ನಿಂತಿದ್ದರು. ಇನ್ನೊಂದು ಹತ್ತು ಸಾವಿರ ಸೇರಿಸಿಬಿಡಲೇ ಎಂದು ನನಗೆ ಅನಿಸಿತು. ಆದರೆ ವ್ಯಾಪಾರ ಕುದುರಿದ ಮೇಲೆ ಕೊಡುವ ಹಣ ದಾನವಾಗುತ್ತದೆ, ದಾನ ಸ್ವೀಕರಿಸುವ ಜನ ಅವರಲ್ಲ. ನನ್ನ ನಲವತ್ತು ಸಾವಿರ ಸರಿಯಾದ ಬೆಲೆಯೇ ಎಂದು ಇಂದಿಗೂ ಎದೆತಟ್ಟಿ ಹೇಳುತ್ತೇನೆ.

ರಿಪೇರಿಯ ಖರ್ಚಿನ ವಿಚಾರದಲ್ಲಿ ಎದೆತಟ್ಟಿ ಹೇಳುವಂಥದ್ದೇನೂ ಇಲ್ಲ. ಗುಪ್ತರೋಗಗಳಿಗೆ ಮೂರನೆಯ ಒಂದು ಭಾಗ ಸಾಲದು ಎಂದಷ್ಟೇ ಓದುಗರಿಗೆ ತಿಳಿಸಬಲ್ಲೆ. ಆದರೂ ಮಳೆಗಾಲ ಕಳೆದು ಬಿಸಿಲು ಬಿದ್ದ ಒಂದು ಬೆಳಿಗ್ಗೆ ಗಾಡಿ ಕೆಮ್ಮಿ, ಉಗುಳಿ, ಬೀದಿಗೆಲ್ಲ ಹೊಗೆ ಹಾಕಿ, ಕಡೆಗೂ ಹಾಡಿತು. ಮಡದಿ ಮೂಗಿಗೆ ಸೆರಗು ಮುಚ್ಚಿಕೊಂಡೇ ಹೊರಬಂದು ನಿಂತು ಕೇಳಿದಳು. ಆ ವಾರವೇ ನಾನು ಅದರ ಮೇಲೆ ಕುಣಿಗಲ್ಲಿಗೆ ಹೋದೆ.

ಊರು ಇನ್ನೂ ದೂರವಿರುವಾಗಲೇ ಸದ್ದು ಗುರುತು ಹಿಡಿದು ಚಿಕ್ಕಣ್ಣ ಕೋಲೂರಿಕೊಂಡು ರಸ್ತೆಗೆ ಬಂದು ನಿಂತಿದ್ದರು. ಗಾಡಿಯ ಸುತ್ತ ಬಂದು ಟ್ಯಾಂಕಿನ ಮೇಲೆ ಅಂಗೈಯಿಟ್ಟು ಅದು ನಡುಗುವುದನ್ನು ನೋಡಿದರು. ಕೂತ್ಕೊಳ್ಳಿ, ಒಂದು ಸುತ್ತು ಹೋಗಿಬರೋಣ ಎಂದೆ, ಬೇಡವೆಂದು ತಲೆಯಾಡಿಸಿದರು. ಆಮೇಲೆ ನನ್ನನ್ನೇ ದಿಟ್ಟಿಸಿ, ನಗೆಯ ಸುಳಿವಿಲ್ಲದೆ ಕೇಳಿದರು: "ಎಷ್ಟಕ್ಕೆ ಕೊಡ್ತೀರಾ ಮೇಷ್ಟ್ರೇ?"

ಕೊಂಡ ಬೆಲೆ, ರಿಪೇರಿ, ನನ್ನ ಓಡಾಟ, ಎಲ್ಲವನ್ನೂ ಕೂಡಿಸಿ ಉತ್ತರ ಹೇಳುವುದು ನನಗೆ ಕಷ್ಟವಿರಲಿಲ್ಲ. ಜಗತ್ತಿನಲ್ಲಿ ಆ ಗಾಡಿಯನ್ನು ಯಾರಿಗಾದರೂ ಮರಳಿ ಕೊಡಬಹುದಾಗಿದ್ದರೆ ಅದು ಈ ಮನುಷ್ಯನಿಗೇ ಎಂಬುದೂ ನನಗೆ ಗೊತ್ತಿತ್ತು. ಆದರೆ ಸೂತ್ರ ತಲೆಗೆ ಬರುವ ಮೊದಲೇ ಬಾಯಿ ಹೇಳಿಯಾಗಿತ್ತು: "ಐದು ಲಕ್ಷ."

"ಅಯ್ಯೋ, ಇದೇನು ಮೇಷ್ಟ್ರೇ!" ಎಂದು ಗೌರಮ್ಮ ಗಲ್ಲಕ್ಕೆ ಕೈಯಿಟ್ಟುಕೊಂಡರು. ನನ್ನ ಕಿವಿಗಳು ಬಿಸಿಯಾದವು. ಚಿಕ್ಕಣ್ಣ ಮಾತ್ರ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಇನ್ನು ಚಿಂತೆ ಇಲ್ಲ ಬುಡು ಗೌರಿ. ಇವ್ರೂ ಮಾರಾಕಿಲ್ಲ." ಹಾಗೆಂದು ಕೋಲನ್ನು ಹೆಂಡತಿಯ ಕೈಗೆ ಕೊಟ್ಟು, ನನ್ನ ಭುಜ ಹಿಡಿದು ಹಿಂದಿನ ಸೀಟು ಹತ್ತಿ ಕುಳಿತು, ಕೆರೆ ಏರಿಯ ಕಡೆ ಕೈ ತೋರಿಸಿದರು.