ಕೈಯಲ್ಲಿ ಕೊಟ್ಟ ಮಾತ್ರೆ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತರೀಕೆರೆಯ ಒಂದು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಬೀರೂರಿನಲ್ಲಿ ಬಾಡಿಗೆ ಕೋಣೆ. ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಓಡಾಟ. ಒಬ್ಬಳಿಗಾಗಿ ಒಲೆ ಹಚ್ಚಲು ಬೇಸರ, ಬರೀ ಕಾಫಿ ಕುಡಿದು ಹೊರಡುತ್ತಿದ್ದೆ. ಭಾನುವಾರ ಇಡೀ ದಿನ ಯಾರೊಡನೆಯೂ ಮಾತಾಡದೆ ಇದ್ದು ಸೋಮವಾರ ಬಾಯಿ ತೆರೆದರೆ ನನ್ನ ದನಿ ನನಗೇ ಹೊಸದೆನಿಸುತ್ತಿತ್ತು.

ಹೆಂಗಸರ ಡಬ್ಬಿಯಲ್ಲಿ ನನ್ನ ಎದುರಿಗೆ ಕಡೂರಿನ ಕಡೆಯ ಹೂ ಮಾರುವ ಅಕ್ಕ ಕೂರುತ್ತಿದ್ದಳು. ಅವಳ ಮಂಡಿ ನೋವಿಗೂ ನನ್ನ ಭುಜದ ನೋವಿಗೂ ಮೊದಲು ಗೆಳೆತನವಾಯಿತು, ನಮ್ಮಿಬ್ಬರದು ಆಮೇಲೆ.

"ಹೆಂಗೈತವ್ವಾ ಭುಜ?"

ಈ ಒಂದು ಪ್ರಶ್ನೆಯ ಆಸೆಗೆ ನಾನು ನೋವನ್ನು ಸ್ವಲ್ಪ ಹೆಚ್ಚೇ ಮಾಡಿ ಹೇಳುತ್ತಿದ್ದೆ. ಅವಳು ಸೆರಗಿನ ಗಂಟು ಬಿಚ್ಚಿ, ಅಂಗಡಿಯಿಂದ ತಂದ ಗುಲಾಬಿ ಬಣ್ಣದ ಮಾತ್ರೆ ಕೊಡುತ್ತಿದ್ದಳು. "ನುಂಗವ್ವಾ, ಬ್ಯಾಡ ಅನ್ಬಾರ್ದು." ನೋವಿಗೆಂದು ನಾನೇ ಕೊಂಡಿದ್ದ ಬಿಳಿ ಮಾತ್ರೆಯೊಂದನ್ನು ಆಗಲೇ ಕೋಣೆಯಲ್ಲಿ ನುಂಗಿ ಬಂದಿರುತ್ತಿದ್ದೆ. ಆದರೂ ಇದನ್ನೂ ನುಂಗುತ್ತಿದ್ದೆ. ಅರಿಶಿನ ಕುಂಕುಮದ ಹಾಗೆ ಪ್ರೀತಿಯಿಂದ ಕೈಗೆ ಕೊಟ್ಟದ್ದನ್ನು ಬೇಡವೆನ್ನುವುದು ಹೇಗೆ? ಬಣ್ಣ ಬೇರೆಯಾದ್ದರಿಂದ ಔಷಧಿಯೂ ಬೇರೆಯೇ ಎಂಬುದು ನನ್ನ ಜಾಣತನ. ಅವಳಂತೂ ಬೋಣಿಯಾಗುವವರೆಗೆ, ದಿನದ ಮೊದಲ ಮೊಳ ಹೂ ಮಾರುವವರೆಗೆ, ಬಾಯಿಗೆ ಒಂದು ಅಗುಳನ್ನೂ ಹಾಕುತ್ತಿರಲಿಲ್ಲ. ಮಂಡಿಗೆಂದು ತಾನೂ ನುಂಗುತ್ತಿದ್ದ ಮಾತ್ರೆಗೆ ಮಾತ್ರ ಆ ನೇಮ ಇರಲಿಲ್ಲ.

ಒಂದು ದಿನ ಕಚೇರಿಯಲ್ಲಿ ಕಣ್ಣು ಕತ್ತಲೆ ಬಂದು ಕುಸಿದೆ. ಮೂರು ದಿನದಿಂದ ಮಲ ಟಾರಿನಂತೆ ಕಪ್ಪಗಿತ್ತು, ಹೇಳಲು ಯಾರಿದ್ದರು? ಆಸ್ಪತ್ರೆಯ ಡಾಕ್ಟರು ನನ್ನ ಚೀಲದಲ್ಲಿದ್ದ ಬಿಳಿ ಮಾತ್ರೆ, ಭಾನುವಾರಕ್ಕೆಂದು ಅಕ್ಕ ಕೊಟ್ಟಿದ್ದ ಗುಲಾಬಿ ಮಾತ್ರೆ ಎರಡನ್ನೂ ನೋಡಿ ಚೆನ್ನಾಗಿ ಬೈದರು.

"ಎರಡೂ ಒಂದೇ ಜಾತಿ ಕಣ್ರೀ, ಒಟ್ಟಿಗೆ ತಗೋಬಾರ್ದು. ಬರೀ ಹೊಟ್ಟೇಲಿ ದಿನಾ ನುಂಗಿದ್ರೆ ಹೊಟ್ಟೆ ಹುಣ್ಣಾಗಿ ರಕ್ತ ಹೋಗುತ್ತೆ. ಬೇರೆಯವ್ರು ತಗೊಂಡ್ರೂ ಊಟ ಆದ್ಮೇಲೆ, ಒಂದೆರಡು ದಿನ ಅಷ್ಟೇ. ನೋವು ಹೋಗ್ಲಿಲ್ಲ ಅಂದ್ರೆ ಇಲ್ಲಿಗೆ ಬರ್ಬೇಕು. ನೀವಂತೂ ಇನ್ನು ಮುಟ್ಟಲೇಬೇಡಿ."

ಎರಡು ವಾರ ಬಿಟ್ಟು ಮತ್ತೆ ರೈಲು ಹತ್ತಿದೆ. ಅಕ್ಕ ಕೇಳಿದ್ದಕ್ಕೆ ಜ್ವರ ಬಂದಿತ್ತು ಅಂದೆ. ಅವಳು ಗಂಟು ಬಿಚ್ಚಿದಳು. ಡಾಕ್ಟರ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ನಾಳೆಯಿಂದ ನನ್ನ ಭುಜ ಹೇಗಿದೆ ಎಂದು ಕೇಳುವವರು ಈ ಭೂಮಿಯ ಮೇಲೆ ಯಾರೂ ಇರುವುದಿಲ್ಲ ಎಂಬ ಭಯಕ್ಕೆ ಸುಮ್ಮನಾದೆ. ಮಾತ್ರೆ ಬಾಯಿಗೆ ಹಾಕಿದಂತೆ ನಟಿಸಿ, ಅವಳು ಅತ್ತ ತಿರುಗಿದಾಗ ಕಿಟಕಿಯಾಚೆ ಎಸೆದೆ. ಹೀಗೆ ಎರಡು ತಿಂಗಳು. ನನ್ನ ಹೊಟ್ಟೆಯನ್ನು ಉಳಿಸಿಕೊಂಡು, ಎದುರಿಗೇ ಅವಳು ಹಸಿದ ಹೊಟ್ಟೆಯಲ್ಲಿ ನುಂಗುವುದನ್ನು ದಿನವೂ ನೋಡಿದೆ. ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಒಂದು ಬೆಳಿಗ್ಗೆ ಅವಳು ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ಮುಖ ಬಿಳುಚಿಕೊಂಡಿತ್ತು.

"ನಿನ್ನೆಯಿಂದ ಕರ್ರಗೆ ಹೋಯ್ತಾ ಐತೆ ಕಣವ್ವಾ," ಅಂದಳು.

ಡಾಕ್ಟರು ಅಂದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವಳು ಪೂರ್ತಿ ಕೇಳಿದಳು.

"ಯಾವಾಗ ಹೇಳಿದ್ರು ಡಾಕ್ಟ್ರು?"

"ಎರಡು ತಿಂಗ್ಳ ಮೇಲಾಯ್ತು ಅಕ್ಕಾ."

"ಮತ್ತೆ ನಾ ಕೊಟ್ಟಿದ್ದು?"

"ಎಸೀತಿದ್ದೆ."

ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ತರೀಕೆರೆಯಲ್ಲಿ ಇಳಿದು ಜಟಕಾ ಮಾಡಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಪರೀಕ್ಷೆ ಮಾಡಿ, ಸದ್ಯ ಬೇಗ ಬಂದಿರಿ, ಗುಣವಾಗುತ್ತದೆ ಅಂದರು. ದಾಖಲು ಮಾಡಿಕೊಳ್ಳುವಾಗ, "ಜೊತೇಲಿ ಯಾರು ಬಂದಿದಾರಮ್ಮಾ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಅಕ್ಕ, "ಯಾರೂ ಇಲ್ಲ ಸಾಮಿ, ಒಬ್ಳೇ ಬಂದೀನಿ" ಅಂದಳು. ನಾನು ಅವಳ ಹೂವಿನ ಬುಟ್ಟಿ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ.