ನೋಡದೆಯೇ ನೋಡಿದ ಚಿಗರಿ

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಸುಳ್ಳು ಅದಕ್ಕಿಂತ ಬೇಗ ಬರುತ್ತಿತ್ತು ಎಂಬುದು ನನಗೊಬ್ಬಳಿಗೇ ಗೊತ್ತಿತ್ತು. ಭಾಲ್ಕಿಯ ಶಾಲೆಯಲ್ಲಿ ವಿಜ್ಞಾನದ ಟೀಚರ್ ಆಗಿ ಸೇರಿದ ಮೊದಲ ವರ್ಷವೇ, ಕೃಷ್ಣಮೃಗದ ಪಾಠ ಮಾಡುವಾಗ, ಮಕ್ಕಳು ನನ್ನನ್ನು ಕಡಿಮೆ ಎಂದು ತಿಳಿದಾರು ಅನ್ನಿಸಿ, ಚಿಗರಿಯನ್ನು ಕಣ್ಣಾರೆ ನೋಡಿದ್ದೇನೆ ಎಂದುಬಿಟ್ಟೆ. ನಮ್ಮ ಕಡೆ ಕೃಷ್ಣಮೃಗಕ್ಕೆ ಚಿಗರಿ ಎನ್ನುತ್ತೇವೆ. ಬೀದರ್ ಜಿಲ್ಲೆಯಲ್ಲಿ ಹುಟ್ಟಿ, ಮೈಲೂರಿನಲ್ಲಿ ಮನೆ ಕಟ್ಟಿಸಿಕೊಂಡು ಇದ್ದರೂ ನಾನು ಅದರ ಬಾಲವನ್ನೂ ಕಂಡಿರಲಿಲ್ಲ.

ಒಮ್ಮೆ ಹೇಳಿದ್ದನ್ನು ಮುಂದಿನ ವರ್ಷ ಬಿಡಲಾದೀತೆ? ಪ್ರತಿ ವರ್ಷ ಅದಕ್ಕೊಂದು ಕೊಂಬು ಬಾಲ ಸೇರುತ್ತ ಹೋಯಿತು. ಒಂದು ವರ್ಷ ಮೂರು ಚಿಗರಿ, ಇನ್ನೊಂದು ವರ್ಷ ಇಡೀ ಹಿಂಡು. ನಮ್ಮದು ಬೌದ್ಧರ ಮನೆ. ಭಾನುವಾರ ವಿಹಾರದಲ್ಲಿ ಎಲ್ಲರೂ ಕೂಡಿ ಪಂಚಶೀಲ ಹೇಳುವಾಗ, ಸುಳ್ಳಾಡುವುದಿಲ್ಲ ಎಂಬ ನಾಲ್ಕನೆಯ ಶೀಲ ಬಂದರೆ ನನ್ನ ದನಿ ತಾನಾಗಿಯೇ ಸಣ್ಣದಾಗುತ್ತಿತ್ತು. ಪಕ್ಕದಲ್ಲಿ ಕೂತ ಅವ್ವ ಗಂಟಲು ಕಟ್ಟಿದೆಯೇನೋ ಎಂದು ಶುಂಠಿ ಕಷಾಯ ಮಾಡಿಕೊಡುತ್ತಿದ್ದಳು.

ಹೋದ ಚಳಿಗಾಲದಲ್ಲಿ ನನ್ನ ಇಬ್ಬರು ಗೆಳತಿಯರು ಹೊಸ ಹುಚ್ಚು ಹಚ್ಚಿಕೊಂಡರು. ಇಬ್ಬರೂ ನನ್ನ ಕಾಲೇಜಿನ ಜೊತೆಗಾರರು, ನನ್ನ ಚಿಗರಿ ಕಥೆ ಕೇಳಿ ನಿಜವೆಂದೇ ನಂಬಿದವರು. ಒಬ್ಬಳು ಬೀದರಿನಲ್ಲಿ ನರ್ಸ್. ಇನ್ನೊಬ್ಬಳು ಕಮಠಾಣದವಳು, ಅಂಚೆ ಕಚೇರಿಯಲ್ಲಿ ಕೆಲಸ, ಅಡುಗೆಯಲ್ಲಿ ಅವಳನ್ನು ಮೀರಿಸುವವರಿಲ್ಲ, ಅದು ಅವಳಿಗೂ ಚೆನ್ನಾಗಿ ಗೊತ್ತು. ಔರಾದ ಕಡೆ ಹೋಗುವ ದಾರಿಯಲ್ಲಿ ಅರಣ್ಯ ಇಲಾಖೆಯವರ ಹುಲ್ಲುಗಾವಲು ಇದೆ, ಪರವಾನಗಿ ತೆಗೆದುಕೊಂಡು ಅದರ ಅಂಚಿನಲ್ಲಿ ಟೆಂಟ್ ಹಾಕಿಕೊಂಡು ಒಂದು ರಾತ್ರಿ ಇರಬಹುದಂತೆ, ಬೆಳಿಗ್ಗೆ ಚಿಗರಿ ಕಾಣುತ್ತವಂತೆ ಎಂದು ನರ್ಸ್ ಸುದ್ದಿ ತಂದಳು.

"ನೀ ಅಂತೂ ಭಾಳ ಸಲ ನೋಡೀದಿ. ನೀನೇ ನಮಗ ಗೈಡು," ಎಂದಳು ಕಮಠಾಣದವಳು.

ನಿಜ ಹೇಳಲು ಅದೇ ಸರಿಯಾದ ಹೊತ್ತಾಗಿತ್ತು. ಆದರೂ ಬಾಯಿ ಸುಮ್ಮನಿರಬೇಕಲ್ಲ! "ಹೂಂ, ತೋರಸ್ತೇನಿ ಬರ್ರಿ," ಎಂದೆ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದೆ. ಕಮಠಾಣದವಳ ಹಳೆಯ ಕಾರಿನ ಡಿಕ್ಕಿ ನೋಡಿ ನಗು ತಡೆಯಲಾಗಲಿಲ್ಲ. ನಮ್ಮ ಕಡೆಯವರಿಗೆ ಹೊಲದಲ್ಲಿ ಕೂತು ಉಣ್ಣುವುದೆಂದರೆ ಎಳ್ಳಮಾಸಿ. ಆ ಹಬ್ಬದ ದಿನ ಊರಿಗೆ ಊರೇ ಬುತ್ತಿ ಹೊತ್ತು ಹೊಲಕ್ಕೆ ಹೋಗುತ್ತದೆ. ಇವಳು ಟೆಂಟಿಗೂ ಅದೇ ಲೆಕ್ಕ ಹಿಡಿದಿದ್ದಳು. ಕಾಳು, ತರಕಾರಿ ಎಲ್ಲ ಕೂಡಿಸಿ ಕುದಿಸಿದ ಭಜ್ಜಿ ಒಂದು ಡಬರಿ, ಸಜ್ಜೆ ರೊಟ್ಟಿಯ ಗಂಟು, ಶೇಂಗಾ ಹೋಳಿಗೆ, ಮೊಸರು, ಗ್ಯಾಸಿನ ಸಣ್ಣ ಒಲೆ, ಒಗ್ಗರಣೆ ಡಬ್ಬಿ. ಮೂವರಿಗೆ! ಟೆಂಟನ್ನು ಇಡಲು ಜಾಗವಿಲ್ಲದೆ ನರ್ಸ್ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಳು.

ಹುಲ್ಲುಗಾವಲಿನ ವಾಚರ್ ನಮ್ಮ ಸಾಮಾನು ನೋಡಿ, "ಇನ್ನ ಎಷ್ಟು ಮಂದಿ ಬರೋರು ಇದ್ದಾರ್ರಿ?" ಎಂದು ಕೇಳಿದ. ನಾವೇ ಮೂವರು ಎಂದಾಗ ನಂಬಲಿಲ್ಲ. ಒಂದು ಬನ್ನಿ ಗಿಡದ ಕೆಳಗೆ ಜಾಗ ತೋರಿಸಿದ. ಅಲ್ಲಿಂದ ಆಚೆಗೆ ನೆಲ ಇಳಿಜಾರಾಗಿ, ಒಣಗಿದ ಹುಲ್ಲು ಬಂಗಾರದ ಬಣ್ಣಕ್ಕೆ ತಿರುಗಿ, ದೂರದ ತೊಗರಿ ಹೊಲಗಳವರೆಗೆ ಹಬ್ಬಿತ್ತು. "ಹೊತ್ತು ಮೂಡೋ ಮುಂದ ಆ ತಗ್ಗಿಗೆ ಬರ್ತಾವ್ರಿ. ಸಪ್ಪಳ ಮಾಡಬ್ಯಾಡ್ರಿ, ಹೊಗಿ ಹಾಕಬ್ಯಾಡ್ರಿ," ಎಂದು ಹೇಳಿ ತನ್ನ ಕೋಣೆಗೆ ಹೋದ.

ಟೆಂಟ್ ಹಾಕುವುದು ನರ್ಸಿನ ಅಣ್ಣನ ಮಗ ಮೊಬೈಲಿನಲ್ಲಿ ತೋರಿಸಿಕೊಟ್ಟಷ್ಟು ಸುಲಭವಿರಲಿಲ್ಲ. ಒಂದು ಕಡೆ ಎತ್ತಿದರೆ ಇನ್ನೊಂದು ಕಡೆ ಕುಸಿಯುತ್ತಿತ್ತು. ನಾನು ರೇಗಿ ಕೋಲನ್ನು ನೆಲಕ್ಕೆ ಬಡಿದೆ. ಕೊನೆಗೆ ನರ್ಸ್ ಬ್ಯಾಂಡೇಜಿನ ಪಟ್ಟಿ ಹರಿದು ಎರಡು ಕೋಲು ಕೂಡಿಸಿ ಕಟ್ಟಿದಳು. ಕಾಲು ಮುರಿದವರ ಹಾಗೆ ನಮ್ಮ ಟೆಂಟ್ ಪಟ್ಟಿ ಕಟ್ಟಿಕೊಂಡು ನಿಂತಿತು. ಸಂಜೆಯ ಬೆಳಕಿನಲ್ಲಿ ಅದರ ಮುಂದೆ ಚಾಪೆ ಹಾಸಿ, ಭಜ್ಜಿಯಲ್ಲಿ ರೊಟ್ಟಿ ಅದ್ದಿ ತಿಂದೆವು. ಎಷ್ಟೋ ವರ್ಷಗಳಿಂದ ನಾವು ಮೂವರೂ ಹೀಗೆ, ಯಾರಿಗೂ ಬಡಿಸದೆ, ನಡುವೆ ಎದ್ದು ಹೋಗದೆ ಒಟ್ಟಿಗೆ ಕೂತು ಉಂಡಿರಲಿಲ್ಲ. ನನಗೆ ಬಹಳ ಖುಷಿಯಾಯಿತು. ಆ ಖುಷಿಯಲ್ಲೂ ಒಂದು ಮುಳ್ಳು ಇತ್ತು.

"ನೀ ಎಲ್ಲಿ ನಿಂತು ನೋಡಿದ್ದಿ?" ಎಂದು ನರ್ಸ್ ಕೇಳಿದಳು.

"ಅಗೋ, ಅಲ್ಲಿ," ಎಂದು ಕೈಗೆ ಬಂದ ದಿಕ್ಕಿಗೆ ತೋರಿಸಿದೆ.

"ಅದು ಪಾಯಖಾನಿ ಅದಲ್ಲ!" ಎಂದಳು ಕಮಠಾಣದವಳು. ನಾನು ಆಗ ಅದು ಇರಲಿಲ್ಲ ಎಂದೆ. ಇಬ್ಬರೂ ತಲೆಯಾಡಿಸಿದರು. ನಂಬುವವರ ಮುಂದೆ ಸುಳ್ಳು ಹೇಳುವುದು ಎಷ್ಟು ಸುಲಭ, ಮತ್ತು ಎಷ್ಟು ನಾಚಿಕೆ!

ಬೆಳಿಗ್ಗೆ ಇನ್ನೂ ಮಬ್ಬಿರುವಾಗಲೇ ನರ್ಸ್ ನನ್ನ ಭುಜ ಅಲುಗಿಸಿದಳು. "ಏಳ, ಬಂದಾವ." ನಾನು ಶಾಲು ಸುತ್ತಿಕೊಂಡು ಮೊಣಕಾಲ ಮೇಲೆ ಹೊರಗೆ ತೆವಳಿದೆ. ತಗ್ಗಿನಲ್ಲಿ ಏನೋ ಅಲುಗಾಡಿದ ಹಾಗಾಯಿತು. ಕನ್ನಡಕ ಹಾಕಿಕೊಳ್ಳಲು ಕೈ ಎತ್ತಿದೆ. ಅದೇ ಹೊತ್ತಿಗೆ ಹಿಂದೆ ಚೊಯ್ ಎಂದಿತು.

ಕಮಠಾಣದವಳು ನಮಗಿಂತ ಮೊದಲೇ ಎದ್ದು, ಮಂಡಕ್ಕಿ ನೆನೆಸಿ, ಸುಸಲಾ ಮಾಡಲು ಒಗ್ಗರಣೆ ಹಾಕಿದ್ದಳು. ಹಸಿಮೆಣಸಿನಕಾಯಿ ಹತ್ತಕ್ಕೆ ಕಡಿಮೆಯಿಲ್ಲ. ಘಾಟು ನೇರ ನಮ್ಮ ಮೂಗಿಗೆ ಬಂತು. ನರ್ಸ್ ಕೆಮ್ಮಿದಳು, ನಾನು ಸೀನಿದೆ. ಒಂದಲ್ಲ, ಏಳು ಸಲ. ಕಣ್ಣು ಒರೆಸಿಕೊಂಡು ನೋಡುವಷ್ಟರಲ್ಲಿ ತಗ್ಗು ಖಾಲಿ.

"ಬಿಳಿ ಬಾಲ ಕಂಡ್ವು!" ಎಂದು ನರ್ಸ್ ಕುಣಿದಳು. ನನಗೆ ಅದೂ ಕಂಡಿರಲಿಲ್ಲ.

"ಬೆಳಗಾ ಮುಂಜಾನಿ ನಿನಗ ಒಗ್ಗರಣಿ ಬೇಕಾಗಿತ್ತೇನ?" ಎಂದು ನಾನು ಕಮಠಾಣದವಳ ಮೇಲೆ ಹರಿಹಾಯ್ದೆ. ಅವಳು ಸೌಟು ಹಿಡಿದು ಪಿಳಿಪಿಳಿ ನೋಡಿದಳು. "ಖಾಲಿ ಹೊಟ್ಟೀಲೆ ಹ್ಯಾಂಗ ನೋಡ್ತೀರಂತ ಮಾಡೀನವ್ವಾ. ನೀ ಯಾಕ ಇಷ್ಟು ಸಿಟ್ಟಿಗೇಳ್ತಿ? ನೀ ಅಂತೂ ನೋಡೀದಿ. ನೋಡಲಾರದೋರು ನಾವು." ನಾನು ತಟ್ಟೆ ಎಳೆದುಕೊಂಡು ಕೂತೆ. ಸುಸಲಾ ಬಹಳ ರುಚಿಯಾಗಿತ್ತು, ಅದು ನನ್ನ ಸಿಟ್ಟನ್ನು ಇನ್ನೂ ಹೆಚ್ಚಿಸಿತು.

ನಮ್ಮ ಒಗ್ಗರಣೆಯ ವಾಸನೆ ಹಿಡಿದೇ ಬಂದಳೆನ್ನಬೇಕು, ಕುರಿ ಕಾಯುವ ಒಬ್ಬ ಹಿರಿಯ ಹೆಂಗಸು. ಹೆಗಲ ಮೇಲೆ ಒಂದು ಕರಿ ಕಂಬಳಿ, ಮೈಮೇಲೆ ಇನ್ನೊಂದು. ಹಿಂದೆ ಐವತ್ತು ಅರವತ್ತು ಕುರಿಗಳು, ಪಕ್ಕದ ಕೊಯ್ಲಾದ ಹೊಲಕ್ಕೆ ಹೊರಟಿದ್ದವು. ಕಮಠಾಣದವಳು "ಬಾ ಆಯಿ" ಎಂದು ಆ ಅಜ್ಜಿಯನ್ನು ಕರೆದು ಕೂಡಿಸಿ ಸುಸಲಾ, ಚಹಾ ಕೊಟ್ಟಳು. ನಮ್ಮ ಕಥೆ ಕೇಳಿ ಆಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಮಂದಿ ಕಂಡ್ರ ಅವು ನಿಲ್ಲಂಗಿಲ್ರಿ ಅಕ್ಕಾರ. ಕುರಿ ಕಂಡ್ರ ಅಂಜಂಗಿಲ್ಲ. ಅವೂ ಇವೂ ಕೂಡೇ ಮೇಯ್ತಾವ. ಈ ಕಂಬಳಿ ಹೊದ್ದು, ಬಗ್ಗಿ, ಕುರಿ ನಡುವ ನಡೀಬೇಕು, ಅಷ್ಟೇ. ಈಗ ಆ ತೊಗರಿ ಹೊಲದ ಬಾಜೂಕ ಇರ್ತಾವ."

ಮೂವರೂ ಒಟ್ಟಿಗೆ ಎದ್ದೆವು.

"ಎಲ್ಲಾರೂ ಅಲ್ರಿ. ಕಂಬಳಿ ಒಂದೇ ಹೆಚ್ಚಿಗಿ ಅದ. ಒಬ್ರು ಬರ್ರಿ. ಬಿಸಲ ಏರಿದ್ರ ಅವು ದೂರ ಹೋಗ್ತಾವ," ಎಂದಳು ಆಯಿ.

ಗೆಳತಿಯರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಕಡೆ ಯಾರೂ ನೋಡಲೇ ಇಲ್ಲ. ನಾನು ನೋಡಿದವಳಲ್ಲವೇ! "ನೀ ಹೋಗ, ನಿನಗ ಬಾಲ ಸುದ್ದಾ ಕಂಡಿಲ್ಲ," ಎಂದು ನರ್ಸ್ ಕಮಠಾಣದವಳಿಗೆ ಹೇಳಿದಳು. ಆಯಿ ಅವಳ ಹೆಗಲಿಗೆ ಕಂಬಳಿ ಹಾಕಿಯೂ ಆಯಿತು.

ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಮನೆಗೆ ಹೋಗಿ ಮತ್ತೆ ಮುಂದಿನ ವರ್ಷ ಮಕ್ಕಳಿಗೆ ಹಿಂಡಿನ ಕಥೆ ಹೇಳಬಹುದಿತ್ತು. ಆದರೆ ಕುರಿಗಳು ಹೊರಟವು, ಕಂಬಳಿ ಹೊರಟಿತು, ನನ್ನ ಗಂಟಲು ಕಟ್ಟಿತು, ಈ ಸಲ ನಿಜವಾಗಿಯೂ.

"ನಿಂದರ," ಎಂದೆ. "ನಾ ಚಿಗರಿ ನೋಡಿಲ್ಲ. ಒಮ್ಮಿನೂ ನೋಡಿಲ್ಲ. ಇಷ್ಟು ವರ್ಷ ಝೂಟ ಹೇಳೀನಿ. ಮಕ್ಕಳಿಗಿ, ನಿಮಗ, ಎಲ್ಲಾರಿಗಿ."

ಕಮಠಾಣದವಳ ಬಾಯಿ ತೆರೆದೇ ಉಳಿಯಿತು. ನರ್ಸ್ ನನ್ನ ಮುಖವನ್ನು ಜ್ವರ ಬಂದವರನ್ನು ನೋಡುವ ಹಾಗೆ ನೋಡಿದಳು. "ಮತ್ತ ಪಾಯಖಾನಿ?" ಎಂದಳು. "ಅದೂ ಝೂಟ," ಎಂದೆ. ಮೊದಲು ನಕ್ಕಿದ್ದು ಯಾರೋ ನೆನಪಿಲ್ಲ. ನಗು ಎಷ್ಟಾಯಿತೆಂದರೆ ಆಯಿ ಬಾಯಿ ಮೇಲೆ ಬೆರಳಿಟ್ಟು ಗದರಬೇಕಾಯಿತು. ಕಮಠಾಣದವಳು ತನ್ನ ಮೈಮೇಲಿನ ಕಂಬಳಿ ತೆಗೆದು ನನ್ನ ತಲೆಗೆ ತಾನೇ ಹೊದಿಸಿ, ಗದ್ದದ ಕೆಳಗೆ ಬಿಗಿದಳು. "ಹೋಗ. ಬಂದು ಖರೇ ಖರೇ ಹೇಳಬೇಕು," ಎಂದಳು. ನನಗೆ ಅಳು ಬಂತು. ಸಾಕಷ್ಟು ವರ್ಷ ಬೇಕಿಲ್ಲದ ಭಾರ ಹೊತ್ತಿದ್ದೆ.

ಐವತ್ತರ ಹತ್ತಿರ ಬಂದವಳು ನಡು ಬಗ್ಗಿಸಿ ಕುರಿಗಳ ನಡುವೆ ನಡೆಯುವುದು ಹೇಳಿದಷ್ಟು ಹಗುರವಲ್ಲ. ಒಂದು ಟಗರು ನನ್ನನ್ನು ತನ್ನವಳೆಂದು ಒಪ್ಪದೆ ಎರಡು ಸಲ ಗುದ್ದಿತು. ಕಂಬಳಿಯಲ್ಲಿ ಹೊಗೆ, ಹಾಲು, ಮಳೆ ಎಲ್ಲದರ ವಾಸನೆ. ಆಯಿ ನಾಲಗೆಯಿಂದ ಟಕ್ ಟಕ್ ಎನ್ನುತ್ತ ಮುಂದೆ, ನಾನು ಅವಳ ಹಿಮ್ಮಡಿ ನೋಡುತ್ತ ಹಿಂದೆ. ಸ್ವಲ್ಪ ಹೊತ್ತಿಗೆ ಅವಳು ನಿಂತಳು.

ತಲೆ ಎತ್ತಿದೆ. ತೊಗರಿಯ ಹಳದಿ ಹೂವಿನ ಅಂಚಿಗೆ, ನಮ್ಮ ಶಾಲೆಯ ಅಂಗಳದಷ್ಟು ದೂರದಲ್ಲಿ, ಕಂದು ಬಣ್ಣದ ಹೆಣ್ಣುಗಳು ಆರೇಳು ಮೇಯುತ್ತಿದ್ದವು. ಅವುಗಳ ನಡುವೆ ಒಂದು ಗಂಡು. ಬೆನ್ನು ಕರಿ, ಹೊಟ್ಟೆ ಬಿಳಿ, ಕಣ್ಣಿನ ಸುತ್ತ ಬಿಳಿ ಉಂಗುರ, ತಿರುಚಿದ ಕೊಂಬು. ಇದೆಲ್ಲ ಪುಸ್ತಕದಲ್ಲಿ ಇತ್ತು. ಅದರ ಮೂಗಿನಿಂದ ಚಳಿಯ ಉಸಿರು ಹೊಗೆಯಾಗಿ ಬರುತ್ತದೆ ಎಂಬುದು ಇರಲಿಲ್ಲ. ಕಿವಿ ತುರಿಸಿದರೆ ಅದು ಹಿಂಗಾಲಿನಿಂದ ಕೆರೆದುಕೊಳ್ಳುತ್ತದೆ, ನಮ್ಮ ಮನೆಯ ಬೆಕ್ಕಿನ ಹಾಗೆ, ಎಂಬುದೂ ಇರಲಿಲ್ಲ. ಆಮೇಲೆ ಏನೂ ಕಾರಣವಿಲ್ಲದೆ ಒಂದು ಹೆಣ್ಣು ನೆಲದಿಂದ ಮೇಲಕ್ಕೆ ಜಿಗಿಯಿತು, ಅದನ್ನು ನೋಡಿ ಇನ್ನೊಂದು, ಮತ್ತೊಂದು. ನಾನು ಕಂಬಳಿಯ ಅಂಚನ್ನು ಕಚ್ಚಿಕೊಂಡು ನಕ್ಕೆ. ಅಷ್ಟು ಸಂತೋಷ ನನಗೆ ಯಾವ ಬಹುಮಾನ, ಯಾವ ಬಡ್ತಿ ಬಂದಾಗಲೂ ಆಗಿರಲಿಲ್ಲ.

ಸೋಮವಾರ ಎಂಟನೆಯ ತರಗತಿಗೆ ಹೋದವಳು ಪುಸ್ತಕ ತೆರೆಯಲಿಲ್ಲ. ಇಷ್ಟು ವರ್ಷ ಚಿಗರಿ ನೋಡಿದ್ದೇನೆ ಎಂದು ಹೇಳಿದ್ದು ಸುಳ್ಳು, ನಿನ್ನೆಯೇ ಮೊದಲ ಸಲ ನೋಡಿದ್ದು ಎಂದು ಹೇಳಿದೆ. ಮಕ್ಕಳು ನಗಲಿಲ್ಲ.

"ಹುಲಿ ನೋಡೀರೇನ್ರಿ ಟೀಚರ್?" ಎಂದು ಒಬ್ಬ ಕೇಳಿದ.

"ಇಲ್ಲ."

"ಸಮುದ್ರ?"

"ಅದೂ ಇಲ್ಲ."

ಆಮೇಲೆ ಹಿಂದಿನ ಬೆಂಚಿನಲ್ಲಿ ಒಂದು ಕೈ ಎದ್ದಿತು. ಹಲಬರ್ಗಾದ ಹುಡುಗಿ, ಕುರಿ ಸಾಕುವವರ ಮನೆಯವಳು, ವರ್ಷವಿಡೀ ಬಾಯಿ ಬಿಟ್ಟವಳಲ್ಲ.

"ಟೀಚರ್, ಚಿಗರಿ ತನ್ನ ಮರಿ ಹುಲ್ಲಿನ್ಯಾಗ ಮುಚ್ಚಿಟ್ಟು ದೂರ ಹೋಗಿ ಮೇಯ್ತದ್ರಿ. ಮರಿ ಮಿಸುಕಂಗಿಲ್ಲ. ನಮ್ಮ ಮುತ್ಯಾ ಅದರ ಹಂತ್ಯಾಕ ಹೋಗಗೊಡಂಗಿಲ್ಲ. ಮರಿ ಅವ್ವ ಬರೋತನಕ ನಾವು ದೂರಿಂದ ಕಾಯ್ತೇವಿ. ನಾ ಮೂರು ಮರಿ ಕಾದೀನ್ರಿ."

ನಾನು ಹತ್ತಿರ ಹೋಗಿ ಅವಳ ಬೆಂಚಿನಲ್ಲೇ ಕೂತೆ. "ಇಷ್ಟು ದಿನ ಯಾಕ ಹೇಳಲಿಲ್ಲವ್ವಾ?" ಎಂದು ಕೇಳಿದೆ.

"ನೀವು ಎಲ್ಲಾ ನೋಡೀರಂತ ಅನಕೊಂಡಿದ್ದೆರಿ ಟೀಚರ್," ಎಂದಳು.