ಆನೆಯಿಲ್ಲದ ಪಠ್ಯಕ್ರಮ

ಕಳೆದ ಎರಡು ತಿಂಗಳಲ್ಲಿ ನಾನು ಹದಿನೇಳು ಆನೆಗಳನ್ನು ಕತ್ತರಿಸಿದ್ದೇನೆ. ಗಾಬರಿಯಾಗಬೇಡಿ, ಎಲ್ಲವೂ ಕಾಗದದ ಆನೆಗಳು. ಕತ್ತರಿ ಸೊಸೆಯ ಹೊಲಿಗೆ ಪೆಟ್ಟಿಗೆಯದು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದ ಮನುಷ್ಯ, ಮಧ್ಯಾಹ್ನದ ಊಟ ಮುಗಿಸಿ ಕಿಟಕಿಯ ಬಳಿ ಕೂತು, ಮಕ್ಕಳ ಪುಸ್ತಕದಿಂದ ಆನೆಯನ್ನು ಬಾಲ ತುಂಡಾಗದ ಹಾಗೆ ಬಿಡಿಸುತ್ತಿದ್ದುದನ್ನು ಯಾರಾದರೂ ಕಂಡಿದ್ದರೆ ಏನೆಂದುಕೊಳ್ಳುತ್ತಿದ್ದರೋ ಗೊತ್ತಿಲ್ಲ. ಮಗು ಮಲಗಿದ ಮೇಲೆಯೇ ಆ ಕೆಲಸಕ್ಕೆ ಕೂರುತ್ತಿದ್ದೆ.

ನಮ್ಮ ಮನೆ ಕೆ. ಹೊಸಕೋಟೆಯಿಂದ ಸ್ವಲ್ಪ ಒಳಗೆ, ಕಾಫಿ ತೋಟಗಳ ನಡುವೆ ಇದೆ. ಮಗ ಎಸ್ಟೇಟೊಂದರಲ್ಲಿ ರೈಟರ್, ಲೆಕ್ಕಪತ್ರ ಬರೆಯುವವನು. ಸೊಸೆ ವೀಣಾ ಆಲೂರಿನಲ್ಲಿ ಕೆಲಸ ಮಾಡುತ್ತಾಳೆ, ಬೆಳಗಿನ ಬಸ್ಸಿಗೆ ಹೋದರೆ ಬರುವುದು ಸಂಜೆಗೆ. ಅವರ ಮಗಳು, ನನ್ನ ಮೊಮ್ಮಗಳು ಶಾಂಭವಿಗೆ ನಾಲ್ಕು ವರ್ಷ. ಅವಳನ್ನು ಅಂಗನವಾಡಿಗೆ ಬಿಟ್ಟು ಮತ್ತೆ ಕರೆತರುವುದು ನನ್ನ ಪಾಲಿನ ಕೆಲಸವಾಗಿತ್ತು. ಹೋದ ಕಾಫಿ ಕೊಯ್ಲಿನ ಹೊತ್ತಿನಲ್ಲಿ ಒಂದು ಬೆಳಿಗ್ಗೆ ದಾರಿಯಲ್ಲಿ ಆನೆ ಎದುರಾಯಿತು. ಏನೂ ಆಗಲಿಲ್ಲ, ಅದು ಅದರ ಪಾಡಿಗೆ ಹೋಯಿತು, ನಾವು ಮನೆಗೆ ಬಂದೆವು. ಬಂದವನೇ ಹೇಳಿಬಿಟ್ಟೆ: ಮಗು ಬಹಳ ಹೆದರಿದೆ, ಇನ್ನು ಜೂನ್ ತನಕ ಅಂಗನವಾಡಿ ಬೇಡ, ಮನೆಯಲ್ಲೇ ನಾನು ಪಾಠ ಹೇಳುತ್ತೇನೆ. ಎಲ್ಲರೂ ಒಪ್ಪಿದರು. ಆನೆ ಎಂದರೆ ನಮ್ಮ ಕಡೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ.

ಪಾಠವೆಂದ ಮೇಲೆ ಯೋಜನೆ ಬೇಕಲ್ಲ. ನಾನು ಬಿ.ಎಡ್. ಓದಿದವನು. ಒಂದು ಉದ್ದ ನೋಟ್‌ಬುಕ್ ತೆಗೆದು, ಸ್ಕೇಲು ಇಟ್ಟು ಗೆರೆ ಎಳೆದು, ಸಾಮಾನ್ಯ ಉದ್ದೇಶ, ನಿರ್ದಿಷ್ಟ ಉದ್ದೇಶ, ಬೋಧನೋಪಕರಣ, ಮೌಲ್ಯಮಾಪನ ಎಂದು ಕಾಲಂ ಮಾಡಿದೆ. ಒಂಬತ್ತಕ್ಕೆ ಪ್ರಾರ್ಥನೆ, ಒಂಬತ್ತೂಕಾಲಕ್ಕೆ ಭಾಷೆ, ಹತ್ತಕ್ಕೆ ಗಣಿತ. ನಡುವೆ ಐದು ನಿಮಿಷ ನೀರು ಕುಡಿಯಲು. ಗಂಟೆ ಇಲ್ಲದೆ ಶಾಲೆ ಹೇಗೆ ಎಂದು ಅಡುಗೆಮನೆಯ ಸ್ಟೀಲ್ ತಟ್ಟೆಯನ್ನು ಬಾಗಿಲಿಗೆ ತೂಗುಹಾಕಿದೆ. ಮೊದಲನೇ ದಿನ ವಿದ್ಯಾರ್ಥಿನಿ ಬಂದಳು, ಒಂದು ವಾರಕ್ಕೆಂದು ಬರೆದಿಟ್ಟಿದ್ದ ಪಾಠವನ್ನು ಹತ್ತು ನಿಮಿಷದಲ್ಲಿ ಮುಗಿಸಿದಳು, ಉಳಿದ ಇಡೀ ಬೆಳಗ್ಗೆ ತಟ್ಟೆ ಬಾರಿಸಿದಳು. ಮೌಲ್ಯಮಾಪನದ ಕಾಲಂ ಖಾಲಿ ಬಿಟ್ಟೆ.

ಆಮೇಲೆ ಉಪಕರಣಗಳ ಖರೀದಿಗೆ ಹಾಸನಕ್ಕೆ ಹೋದೆ. ಮಕ್ಕಳ ಕಲಿಕೆಗೆಂದು ಈಗ ಏನೆಲ್ಲ ಸಿಗುತ್ತದೆ ಎಂಬುದು ನನಗೆ ತಿಳಿದೇ ಇರಲಿಲ್ಲ. ಮರದ ಅಕ್ಷರಗಳು, ಮಣಿ ಪೋಣಿಸಿದ ಚೌಕಟ್ಟು, ಒರೆಸಿದರೆ ಅಳಿಸಿಹೋಗುವ ಪುಸ್ತಕ, ಒತ್ತಿದರೆ ಕೂಗುವ ಪುಸ್ತಕ. ಅಂಗಡಿಯವನು 'ಮಗೂಗೆ ಎಷ್ಟು ವರ್ಷ ಸಾರ್?' ಎಂದು ಕೇಳಿದ. ನಾಲ್ಕು ಎಂದಾಗ, ಆಗಲೇ ತಡವಾಯಿತು ಎಂಬ ಮುಖ ಮಾಡಿದ. ಆ ಮುಖಕ್ಕೆ ಹೆದರಿ ಎರಡು ಚೀಲ ತುಂಬಿಸಿಕೊಂಡು ಬಂದೆ.

ಮನೆಗೆ ಬಂದು ಬಿಚ್ಚಿ ನೋಡುತ್ತೇನೆ, ಎಲ್ಲೆಲ್ಲೂ ಆನೆ. ಅಕ್ಷರಮಾಲೆಯ ಎರಡನೇ ಮನೆಯಲ್ಲೇ ಆನೆ ನಿಂತಿದೆ. ಅಂಕಿಗಳ ಪುಸ್ತಕದಲ್ಲಿ 'ಒಂದು' ಎಂಬುದಕ್ಕೆ ಆನೆ, ಬಹುಶಃ ಒಂದು ಪುಟಕ್ಕೆ ಒಂದೇ ಸಾಕಾಗುವುದರಿಂದ. ದೊಡ್ಡದು ಚಿಕ್ಕದು ಕಲಿಸಬೇಕಾದರೆ ಆನೆ ಮತ್ತು ಇರುವೆ. ಬಣ್ಣದ ಪುಸ್ತಕದಲ್ಲಿ ಅಂಗಿ ತೊಟ್ಟ ಆನೆ, ಸೈಕಲ್ ತುಳಿಯುವ ಆನೆ. ಈ ಪುಸ್ತಕ ಮಾಡಿದವರೆಲ್ಲ ಆನೆಯಿಲ್ಲದ ಊರಿನವರು ಎಂಬುದರಲ್ಲಿ ನನಗೆ ಸಂಶಯವಿಲ್ಲ. ನಮ್ಮ ಹಳೆಯ ಕವಿಗಳೂ ಇದೇ ಕೆಲಸ ಮಾಡಿದ್ದಾರೆ. ಹೆಣ್ಣನ್ನು ಗಜಗಮನೆ ಎಂದು ಹೊಗಳಿದ ಕವಿ ಆನೆಯನ್ನು ಅರಮನೆಯ ಅಂಗಳದಲ್ಲಿ, ಮಾವುತನ ಸಮೇತ ಕಂಡಿರಬೇಕು. ಬೇಲಿ ಮುರಿದು ಬಾಳೆಗಿಡದ ಬಳಿ ನಿಂತದ್ದನ್ನು ಕಂಡಿದ್ದರೆ ಆ ಹೋಲಿಕೆಯನ್ನು ಕೈಬಿಡುತ್ತಿದ್ದ. ನಮ್ಮಲ್ಲಿ ಬೆಳಗಾಗೆದ್ದು ಜನ ಮೊದಲು ನೋಡುವುದು, ರಾತ್ರಿ ಆನೆ ಯಾವ ತೋಟಕ್ಕೆ ಹೋಯಿತು ಎಂಬ ಮೊಬೈಲ್ ಸಂದೇಶವನ್ನು. 'ಐತಂತೆ' ಎಂದರೆ ಸಾಕು, ಏನು ಐತೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಹೆದರಿದ ಮಗುವಿನ ಕಣ್ಣಿಗೆ ಇದೆಲ್ಲ ಬೀಳಬಾರದು ಎಂದು ಕತ್ತರಿ ಹಿಡಿದೆ. ಒಂದೇ ಒಂದು ಕಡೆ ಕೈ ನಿಂತಿತು. ಪ್ರಾರ್ಥನೆಯ ಪುಟದಲ್ಲಿ ಗಣಪತಿ ಕೂತಿದ್ದ. ನಾವು ಶಿವನ ಒಕ್ಕಲು, ಅವನ ಮಗನ ಮೇಲೆ ಕತ್ತರಿ ಆಡಿಸುವ ಧೈರ್ಯ ನನಗೆಲ್ಲಿಂದ ಬರಬೇಕು? ಬಹಳ ಹೊತ್ತು ಯೋಚಿಸಿ ಆ ಪುಟವನ್ನು ಪಕ್ಕದ ಪುಟಕ್ಕೆ ಅಂಟಿಸಿದೆ, ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಉಳಿದವನ್ನು ಕತ್ತರಿಸಿ, ಎಸೆಯಲು ಮನಸ್ಸು ಬಾರದೆ, ಹಳೆಯ ಬಿಸ್ಕತ್ ಡಬ್ಬಿಯೊಂದಕ್ಕೆ ಹಾಕಿ ಮಂಚದ ಕೆಳಗೆ ತಳ್ಳಿದೆ.

ಅಂಗನವಾಡಿಯ ಜಯಮ್ಮ ಒಂದು ದಿನ ಮನೆಗೇ ಬಂದರು. ಮಗು ಯಾಕೆ ಬರುತ್ತಿಲ್ಲ ಎಂದು ವಿಚಾರಿಸಲು ಬಂದವರು. ನಾನು ಕಾರಣ ಹೇಳಿದೆ, ನೋಟ್‌ಬುಕ್ ತೋರಿಸಿದೆ. ಅವರು ಕಾಲಂಗಳ ಮೇಲೆ ಬೆರಳಾಡಿಸಿ, 'ಚೆನ್ನಾಗೈತೆ ಮೇಷ್ಟ್ರೇ, ಎಸ್‌ಎಸ್‌ಎಲ್‌ಸಿಗೆ ಸರಿಯಾಯ್ತದೆ' ಎಂದರು. ನಾನು ಎಣಿಕೆಗೆಂದು ಬಟ್ಟಲಲ್ಲಿ ಇಟ್ಟಿದ್ದ ಕರಿಮೆಣಸು ಅವರ ಕಣ್ಣಿಗೆ ಬಿತ್ತು. 'ಅಯ್ಯೋ, ಸಣ್ಣ ಕಾಳು ಕೊಡಬ್ಯಾಡಿ ಕಣ್ರೀ, ಮೂಗಿಗೆ ಹಾಕ್ಕಂಬುಡ್ತವೆ. ಹಲಸಿನ ಬೀಜ ಮಡಗಿ, ಮೂಗಿಗೂ ಹೋಗಲ್ಲ, ಕೈಗೂ ಸಿಗ್ತದೆ' ಎಂದರು. ನನ್ನ ಎರಡು ಚೀಲದ ಸಾಮಾನಿಗಿಂತ ಆ ಒಂದು ಮಾತು ಹೆಚ್ಚು ಕೆಲಸಕ್ಕೆ ಬಂತು. ಹೊರಡುವಾಗ ಶಾಂಭವಿಯ ತಲೆ ಸವರಿ, 'ಹುಡುಗ್ರೆಲ್ಲ ಕೇಳ್ತವೆ ಇವಳನ್ನ. ಕಳ್ಸಿ ಮೇಷ್ಟ್ರೇ, ನಾನೇ ಬೇಕಾದ್ರೆ ಬಂದು ಕರ್ಕಂಡೋಯ್ತೀನಿ' ಎಂದರು. ನೋಡೋಣ ಎಂದೆ. ಆ 'ನೋಡೋಣ'ದಲ್ಲಿ ಏನೂ ಇರಲಿಲ್ಲ ಎಂದು ಅವರಿಗೂ ತಿಳಿದಿರಬೇಕು.

ಜಯಮ್ಮ ಬಂದುಹೋದ ಮೇಲೆ ಮಗು ಒಂದು ಹೊಸ ಆಟ ಹೂಡಿತು. ಖಾಲಿ ಬಾಟಲಿಗಳನ್ನು ಜಗಲಿಯಲ್ಲಿ ಸಾಲಾಗಿ ಕೂರಿಸಿ ಒಂದೊಂದಕ್ಕೂ ಅಂಗನವಾಡಿಯ ಮಕ್ಕಳ ಹೆಸರಿಟ್ಟಿತು. ಸಣ್ಣ ಬಾಟಲಿ ರಿಹಾನ, ಮುಚ್ಚಳವಿಲ್ಲದ್ದು ಪ್ರೀತಂ. ಅಂಗನವಾಡಿಯಲ್ಲಿ ಕೊಡುವ ಹಾಗೆ ಎಲ್ಲರಿಗೂ ಸುಳ್ಳು ಮೊಟ್ಟೆ ಹಂಚಿ, ತನ್ನ ಪಾಲಿಗೆ ಒಂದು ಇಟ್ಟುಕೊಂಡು, 'ತಾತ, ನಾಳಿಕೆ ಮಿಸ್ ಹತ್ರ ಹೋಗಣ?' ಎಂದು ಕೇಳುತ್ತಿತ್ತು. ನಾನು 'ನಾಳೆ ಗಣಿತ ಇದೆ' ಎನ್ನುತ್ತಿದ್ದೆ. ಮಕ್ಕಳ ಜೊತೆ ಆಡಬೇಕಾದ ಹುಡುಗಿಯನ್ನು ಬಾಟಲಿಗಳ ಜೊತೆ ಕೂರಿಸಿದ್ದೇನಲ್ಲ ಎಂದು ಅನ್ನಿಸುತ್ತಿತ್ತು. ಆದರೂ ಅವಳನ್ನು ಕರೆದುಕೊಂಡು ಬಾಗಿಲು ದಾಟಲು ನನಗೆ ಮನಸ್ಸು ಬರುತ್ತಿರಲಿಲ್ಲ.

ಇಷ್ಟು ದೂರ ನನ್ನ ಜೊತೆ ಬಂದಿದ್ದೀರಿ, ಇನ್ನು ಮುಚ್ಚಿಡುವುದು ಸರಿಯಲ್ಲ. ಆ ಬೆಳಿಗ್ಗೆ ನಡೆದದ್ದನ್ನು ನಾನು ಮನೆಯಲ್ಲಿ ಪೂರ್ತಿ ಹೇಳಿರಲಿಲ್ಲ.

ಅಂದು ಆನೆ ನಸುಕಿನಲ್ಲೇ ಹಳ್ಳ ದಾಟಿತೆಂದು ಸಂದೇಶ ಬಂದಿತ್ತು. ಅದನ್ನು ನಂಬಿ ಹೊರಟೆ. ದಾರಿ ತಿರುಗುವಲ್ಲಿ ಕಾಫಿ ಗಿಡಗಳು ಅಲುಗಾಡಿದವು. ಕೊಯ್ಲಿನ ಕಾಲದಲ್ಲಿ ಕಾಫಿ ಗಿಡ ಅಲುಗಾಡಿದರೆ ನಮ್ಮ ಕಡೆ ಯಾರಿಗೂ ಅನುಮಾನ ಬರುವುದಿಲ್ಲ, ಹಣ್ಣು ಕೊಯ್ಯುವವರಿರುತ್ತಾರೆ. ನಾನು ಗಟ್ಟಿಯಾಗಿ, 'ಏನ್ರಮ್ಮಾ, ಇಷ್ಟು ಬೇಗ ಬಂದ್ಬುಟ್ರಾ?' ಎಂದು ಮಾತಾಡಿಸಿದೆ. ನನ್ನ ಮಾತಿಗೆ ತಲೆಯೆತ್ತಿದ್ದು ಆನೆ. ಆಮೇಲೆ ಏನಾಯಿತೆಂದು ತಿಳಿಯುವಷ್ಟರಲ್ಲಿ ನಾನು ಮೋರಿಯ ಹತ್ತಿರ ನಿಂತಿದ್ದೆ. ಓಡಿದ್ದೆ. ಕೈಯಲ್ಲಿ ಮಗುವಿನ ಕೈ ಇರಲಿಲ್ಲ. ತಿರುಗಿ ನೋಡಿದರೆ ಅವಳು ಬೆನ್ನಿಗೆ ಚೀಲ ಹಾಕಿಕೊಂಡು ದಾರಿಯ ನಡುವೆ ಬಿಟ್ಟಲ್ಲೇ ನಿಂತಿದ್ದಳು. ಅವಳು ಆನೆಯ ಕಡೆ ನೋಡುತ್ತಿರಲಿಲ್ಲ, ನನ್ನ ಕಡೆ ನೋಡುತ್ತಿದ್ದಳು. ವಾಪಸ್ ಓಡಿಹೋಗಿ ಎತ್ತಿಕೊಂಡು ಹಿಂದೆ ಹಿಂದೆ ಸರಿದೆ. ಆನೆ ಗಿಡಗಳೊಳಗೆ ಹೊಕ್ಕಿತು. ನಾನು ಅವಳನ್ನು ಬಿಟ್ಟು ಓಡಿದ್ದು ಇಪ್ಪತ್ತು ಹೆಜ್ಜೆ. ಗಣಿತದ ಮೇಷ್ಟ್ರು ನಾನು, ಎಷ್ಟು ಸಲ ಮನಸ್ಸಿನಲ್ಲಿ ಎಣಿಸಿದರೂ ಅದು ಕಡಿಮೆಯಾಗಲಿಲ್ಲ.

ಮಗು ಅಂದು ನನ್ನೆದುರು ಅಳಲಿಲ್ಲ. ನನ್ನನ್ನು ಏನೂ ಕೇಳಲಿಲ್ಲ. ಅವಳ ಮನಸ್ಸಿನಲ್ಲಿ ನಾನು ಕೈಬಿಟ್ಟವನಾಗಿ ಉಳಿದುಬಿಟ್ಟೆನೇ ಎಂಬುದೊಂದೇ ನನ್ನನ್ನು ತಿನ್ನುತ್ತಿತ್ತು. ಯಾರನ್ನು ಕೇಳುವುದು? ಕೇಳಿದರೆ ಹೇಳಬೇಕಾಗುತ್ತದೆ. ಆದ್ದರಿಂದ ಎರಡು ಚೀಲ ಸಾಮಾನು ತಂದೆ, ಕಾಲಂ ಹಾಕಿದೆ, ಆನೆಗಳನ್ನು ಕತ್ತರಿಸಿದೆ.

ಹೋದ ಭಾನುವಾರ ಮಧ್ಯಾಹ್ನ ಕಣ್ಣು ಹತ್ತಿದವನು ಎದ್ದು ನೋಡಿದರೆ ಮಗು ಮಂಚದ ಕೆಳಗಿನ ಡಬ್ಬಿಯನ್ನು ಎಳೆದು ಬಿಚ್ಚಿತ್ತು. ಹದಿನೇಳು ಆನೆಗಳೂ ನೆಲದ ಮೇಲಿದ್ದವು. ಅವಳು ಒಂದೊಂದನ್ನೇ ಎತ್ತಿ ಗೋಡೆಗೆ ಒರಗಿಸಿ, ಒಂದು, ಎರಡು ಎಂದು ಎಣಿಸುತ್ತಿದ್ದಳು. ಹಲಸಿನ ಬೀಜದಲ್ಲಿ ಐದರಾಚೆ ಹೋಗದವಳು ಆನೆಗಳಲ್ಲಿ ಒಂಬತ್ತರ ತನಕ ತಪ್ಪಿಲ್ಲದೆ ಬಂದಳು. ಅಂಗಿ ತೊಟ್ಟ ಆನೆಗೆ, 'ನೀನು ಕಡೇಗೆ ನಿಂತ್ಕೋ, ತಳ್ಳಬ್ಯಾಡ' ಎಂದು ಗದರಿದಳು. ಎರಡು ತಿಂಗಳ ಹಿಂದೆಯೇ ನನಗೆ ಗೊತ್ತಿದ್ದದ್ದನ್ನು ಆಗ ಒಪ್ಪಿಕೊಂಡೆ. ಈ ಮನೆಯಲ್ಲಿ ಆನೆಗೆ ಹೆದರಿದವರು ಬೇರೆಯವರು.

ಎದ್ದು ಅಡುಗೆಮನೆಗೆ ಹೋದೆ. ವೀಣಾ ನೆನೆಸಿದ ಅವರೆಕಾಳನ್ನು ಮುಂದಿಟ್ಟುಕೊಂಡು ಹಿದುಕುತ್ತಿದ್ದಳು. ಎದುರು ಕೂತು ನಾನೂ ನಾಲ್ಕು ಕಾಳು ಹಿದುಕಿದೆ. ಒಂದು ಹಾರಿ ಒಲೆಯ ಮೇಲೆ ಬಿತ್ತು. ಕೈಗೆ ಕೆಲಸವಿದ್ದರೆ ಕಷ್ಟದ ಮಾತು ಸ್ವಲ್ಪ ಸಲೀಸಾಗಿ ಬರುತ್ತದೆ. ಓಡಿದ್ದನ್ನು, ಮೋರಿಯನ್ನು, ಇಪ್ಪತ್ತು ಹೆಜ್ಜೆಯನ್ನು ಒಂದೂ ಬಿಡದೆ ಹೇಳಿದೆ. ತಾಯಿಗೆ ಹೇಳುತ್ತಿದ್ದೇನೆ, ಅವಳು ಎದ್ದು ಹೋದರೂ ಸರಿ, ಬೈದರೂ ಸರಿ ಎಂದು ತಲೆ ತಗ್ಗಿಸಿ ಕೂತಿದ್ದೆ.

ವೀಣಾ ಕೈ ನಿಲ್ಲಿಸಲಿಲ್ಲ. 'ನಂಗೊತ್ತು ಮಾವ' ಎಂದಳು. 'ಅವತ್ತು ಸಾಯಂಕಾಲನೇ ಹೇಳಿದ್ಲು.'

'ಏನಂತ?'

'ತಾತ ಓಡೋಗ್ಬುಟ್ಟ, ಆಮೇಲೆ ತಿರ್ಗ ಬಂದ ಅಂತ. ಅಷ್ಟೇ. ಆಮೇಲೆ ಅಂಗನವಾಡೀಲಿ ಮೊಟ್ಟೆ ತಪ್ಪೋಯ್ತು ಅಂತ ಅತ್ಲು.'

'ಹಾಗಾದ್ರೆ ಮನೇಲಿ ಪಾಠ ಹೇಳ್ತೀನಿ ಅಂದಾಗ ಯಾಕಮ್ಮ ಒಪ್ಪಿದೆ?' ಎಂದು ಕೇಳಿದೆ.

'ನೀವು ಹೆದ್ರಿದ್ರಿ ಮಾವ. ಹೆದ್ರಿದೋರನ್ನ ಮನೆಯಿಂದ ಆಚೆಗೆ ದಬ್ಬಕ್ಕಾಯ್ತದ? ತಾನಾಗೇ ಸರಿಹೋಗ್ಲಿ ಅಂತ ಸುಮ್ಕಿದ್ದೆ. ಆದ್ರೆ ಇನ್ನು ಸಾಕು. ಅವಳಿಗೆ ಹುಡುಗ್ರು ಬೇಕು' ಎಂದು ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿದಳು.

ಎರಡು ತಿಂಗಳು ಮನೆಯಲ್ಲಿ ಶಾಲೆ ನಡೆಸಿದೆ, ಸರಿಯೇ. ವಿದ್ಯಾರ್ಥಿ ಯಾರು ಎಂಬುದು ಮೇಷ್ಟ್ರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ನಡೆದದ್ದು ಎರಡು ಮಾತಿನ ಸಂಗತಿ: ಓಡಿದೆ, ತಿರುಗಿ ಬಂದೆ. ನಾನು ಮೊದಲನೆಯದನ್ನಷ್ಟೇ ಹಿಡಿದುಕೊಂಡು ಹಗಲೂ ರಾತ್ರಿ ಮಗ್ಗಿಯ ಹಾಗೆ ಉರು ಹೊಡೆದೆ. ಅಕ್ಷರ ಬಾರದ ಮಗು ಎರಡನೆಯದನ್ನೂ ಬಿಡದೆ ಹೇಳಿತ್ತು. ಉತ್ತರ ಪತ್ರಿಕೆಯಲ್ಲಿ ಒಂದು ಹಂತ ಬಿಟ್ಟುಬಿಟ್ಟ ಮಕ್ಕಳಿಗೆ ಎಷ್ಟು ಸಲ ಅಂಕ ಕಳೆದಿದ್ದೇನೋ ನಾನು.

ಮಾರನೇ ದಿನ ಸೋಮವಾರ. ಸಂದೇಶ ನೋಡಿದೆ, ನೋಡಿದ ಮೇಲೂ ಜಯಮ್ಮನವರಿಗೆ ಫೋನ್ ಮಾಡಿ ಆ ಕಡೆಯಿಂದ ಬರುವವರನ್ನು ವಿಚಾರಿಸಿದೆ. ಮೋರಿ ದಾಟುವಾಗ ನನ್ನ ಅಂಗೈ ಬೆವೆತಿತ್ತು, ಮಗುವಿಗೆ ಅದು ಗೊತ್ತಾಯಿತೋ ಇಲ್ಲವೋ. ಕಾಫಿ ಗಿಡಗಳು ಅಲುಗದೆ ನಿಂತಿದ್ದವು. ಅಂಗನವಾಡಿಯ ಬಾಗಿಲಲ್ಲಿ ಮಕ್ಕಳೆಲ್ಲ ಇವಳ ಹೆಸರು ಹಿಡಿದು ಕೂಗಿದರು. ನಾನು ಕೈ ಬಿಡಲಾರದೆ ಇನ್ನೂ ನಿಂತೇ ಇದ್ದೆ. ಅವಳೇ ಮೆಲ್ಲಗೆ ಬೆರಳು ಬಿಡಿಸಿಕೊಂಡಳು.

'ನೀನೀಗ ಹೋಗು ತಾತ. ಆಮೇಲೆ ಬಾ' ಎಂದು ಹೇಳಿ, ನಾನು ಬರುತ್ತೇನೋ ಇಲ್ಲವೋ ಎಂದು ಒಮ್ಮೆಯೂ ತಿರುಗಿ ನೋಡದೆ ಒಳಗೆ ಓಡಿದಳು. ಹೋದೆ. ಎರಡು ಗಂಟೆಗೆ ಬರಬೇಕಾದವನು ಹನ್ನೆರಡಕ್ಕೇ ಬಂದು ಬೇಲಿಯಾಚೆ ನಿಂತಿದ್ದೆ.